ನಾರಾ: ಬೋಧಿಸೇನ ಬಂದು ನೆಲೆಸಿದ ಊರು

ಜಪಾನಿಗೆ ಹೋಗುವವರು ಸಾಮಾನ್ಯವಾಗಿ ಕ್ಯೋಟೋದಲ್ಲಿ ರೂಮು ಹಿಡಿದು, ನಾರಾಕ್ಕೆ ಅರ್ಧ ದಿನ ಎತ್ತಿಡುತ್ತಾರೆ. ಬೆಳಗ್ಗೆ ರೈಲು ಹತ್ತುವುದು, ಜಿಂಕೆಗೆ ಬಿಸ್ಕತ್ತು ಹಾಕುವುದು, ದೊಡ್ಡ ಬುದ್ಧನ ಮುಂದೆ ಒಂದು ಫೋಟೋ, ಮಧ್ಯಾಹ್ನದ ಹೊತ್ತಿಗೆ ವಾಪಸ್. ಒಸಾಕಾದಲ್ಲಿ ಕೆಲಸದಲ್ಲಿರುವ ಅಕ್ಕನ ಮಗನೂ ಅದನ್ನೇ ಹೇಳಿದ್ದ. "ಚಿಕ್ಕಮ್ಮ, ಅಲ್ಲಿ ಸಂಜೆ ಆದ್ರೆ ಅಂಗಡಿಗಳೆಲ್ಲ ಬಾಗಿಲು ಹಾಕಿಬಿಡ್ತಾವೆ. ಉಳ್ಕೊಂಡು ಏನ್ಮಾಡ್ತೀರಿ?"

ನಾನು ಪಟ್ಟು ಬಿಡಲಿಲ್ಲ. ಕಾರಣ ಬೋಧಿಸೇನ. ದಕ್ಷಿಣ ಭಾರತದ ಕಡೆಯವನು, ಭಾರದ್ವಾಜ ಗೋತ್ರದವನು ಎಂದು ಅವನ ಬಗ್ಗೆ ಬರೆದಿಟ್ಟಿದ್ದಾರೆ. ಚೀನಾಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ, 736ರಲ್ಲಿ ಜಪಾನ್ ಮುಟ್ಟಿದ ಬೌದ್ಧ ಸನ್ಯಾಸಿ. ನಾರಾದ ದೊಡ್ಡ ಬುದ್ಧನಿಗೆ ಕಣ್ಣು ಬರೆದದ್ದು ಇವನೇ. ಅಷ್ಟು ದೂರ ಬಂದವನು ವಾಪಸ್ ಹೋಗಲಿಲ್ಲ, 760ರಲ್ಲಿ ಅಲ್ಲೇ ತೀರಿಕೊಂಡ. ಅವನಿದ್ದ ಊರನ್ನು ಅರ್ಧ ದಿನದಲ್ಲಿ ಮುಗಿಸಿ ಬರೋಕೆ ನನಗೆ ಮನಸ್ಸಿರಲಿಲ್ಲ.

ಮೊದಲ ದಿನ: ಕೋಫುಕುಜಿಯ ಅಸುರ

ಒಸಾಕಾದ ನಂಬಾದಿಂದ ಕಿಂತೆತ್ಸು ರೈಲಿನಲ್ಲಿ ನಾರಾಕ್ಕೆ ನಲವತ್ತು ನಿಮಿಷ ಅಷ್ಟೆ. ಇಳಿಯುವುದಕ್ಕೆ ಸ್ವಲ್ಪ ಮುಂಚೆ ರೈಲು ಒಂದು ದೊಡ್ಡ ಬಯಲನ್ನು ಸೀಳಿಕೊಂಡು ಹೋಗುತ್ತದೆ. ಒಂದು ಪಕ್ಕ ಕೆಂಪು ಕಂಬಗಳ ಮಹಾದ್ವಾರ, ಇನ್ನೊಂದು ಪಕ್ಕ ದೂರದಲ್ಲಿ ಅರಮನೆಯ ದರ್ಬಾರ್ ಭವನ. ಅದು ಹೇಜೋ ಅರಮನೆಯ ಜಾಗ. 710ರಿಂದ 784ರವರೆಗೆ ಜಪಾನಿನ ರಾಜಧಾನಿ ಹೆಚ್ಚುಕಡಿಮೆ ಇಲ್ಲೇ ಇತ್ತು. ಚೀನಾದ ತಾಂಗ್ ದೊರೆಗಳ ರಾಜಧಾನಿ ಚಾಂಗಾನ್ ನೋಡಿ, ಅದೇ ಚೌಕಟ್ಟಿನಲ್ಲಿ ಬೀದಿಗಳನ್ನು ಎಳೆದಿದ್ದರು. ರಾಜಧಾನಿ ಬೇರೆ ಕಡೆ ಹೋದ ಮೇಲೆ ಅರಮನೆ ಗದ್ದೆಯಾಯಿತು. ಈಗ ಕಾಣುವ ದ್ವಾರ 1998ರಲ್ಲಿ, ದರ್ಬಾರ್ ಭವನ 2010ರಲ್ಲಿ ಹೊಸದಾಗಿ ಕಟ್ಟಿದ್ದು. ರಾಜಧಾನಿ ಹೋಯಿತು, ದೇವಸ್ಥಾನಗಳು ಉಳಿದವು. ಇಡೀ ನಾರಾದ ಕಥೆಯೇ ಇದು.

ಕಿಂತೆತ್ಸು ನಾರಾ ಸ್ಟೇಷನ್ನಿನ ಹೊರಗೆ ಕಾರಂಜಿಯ ನಡುವೆ ಒಬ್ಬ ಸನ್ಯಾಸಿಯ ಮೂರ್ತಿ ನಿಂತಿದೆ. ಊರಿನವರು ಒಬ್ಬರಿಗೊಬ್ಬರು ಕಾಯುವ ಜಾಗ ಅದು. ಆ ಸನ್ಯಾಸಿಯ ಹೆಸರು ಗ್ಯೋಕಿ. ಸೇತುವೆ, ಕೆರೆ ಕಟ್ಟಿಸುತ್ತಾ ಜನರ ನಡುವೆ ಓಡಾಡಿಕೊಂಡಿದ್ದವನು. ದೊಡ್ಡ ಬುದ್ಧನಿಗಾಗಿ ಊರೂರು ಸುತ್ತಿ ದೇಣಿಗೆ ಎತ್ತಿದವನೂ ಇವನೇ. ಬೋಧಿಸೇನ ಹಡಗಿನಿಂದ ಇಳಿದಾಗ ಬಂದರಿಗೇ ಹೋಗಿ ಎದುರುಗೊಂಡದ್ದೂ ಗ್ಯೋಕಿಯೇ ಎನ್ನುತ್ತಾರೆ. ಹಾಗಾಗಿ ನಮಗೂ ಮೊದಲು ಸಿಕ್ಕಿದವನು ಅವನೇ ಅಂತ ಖುಷಿಪಟ್ಟೆ.

ಅಲ್ಲಿಂದ ಕೋಫುಕುಜಿ ದೇವಸ್ಥಾನಕ್ಕೆ ಐದೇ ನಿಮಿಷ. ಫೋಟೋಗಳಲ್ಲಿ ನೋಡಿದ ಐದಂತಸ್ತಿನ ಗೋಪುರ ಕಾಣಿಸಲೇ ಇಲ್ಲ. ದೊಡ್ಡ ದುರಸ್ತಿ ನಡೆಯುತ್ತಿದೆ, ಐವತ್ತು ಮೀಟರ್ ಗೋಪುರವನ್ನು ಬುಡದಿಂದ ತುದಿವರೆಗೆ ಮುಚ್ಚಿಬಿಟ್ಟಿದ್ದಾರೆ. ಯಜಮಾನರಿಗೆ ಬೇಜಾರಾಯಿತು. ನನಗೇನೂ ಅನ್ನಿಸಲಿಲ್ಲ. ನಾನು ಬಂದಿದ್ದು ಅಸುರನನ್ನು ನೋಡೋಕೆ.

ಅವನು ಇರುವುದು ದೇವಸ್ಥಾನದ ಸಂಗ್ರಹಾಲಯದಲ್ಲಿ. 734ರಲ್ಲಿ ಮಾಡಿದ ಮೂರ್ತಿ. ಮೂರು ಮುಖ, ಆರು ಕೈ. ಎತ್ತರ ಒಂದೂವರೆ ಮೀಟರ್, ತೂಕ ಮಾತ್ರ ಹದಿನೈದು ಕಿಲೋ ಅಷ್ಟೇ. ಬಟ್ಟೆಯನ್ನು ಅರಗಿನಂಥ ಮರದ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಹಚ್ಚಿ, ಒಳಗಿನ ಮಣ್ಣು ತೆಗೆದು ಟೊಳ್ಳು ಮಾಡಿದ್ದು. ಬೆಂಕಿ ಬಿದ್ದಾಗಲೆಲ್ಲ ಎತ್ತಿಕೊಂಡು ಓಡಲು ಆಗಿದ್ದು ಅದರಿಂದಲೇ ಇರಬೇಕು.

ಅಸುರ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಕೋರೆಹಲ್ಲು, ಗಿರಿಜಾ ಮೀಸೆ, ಯಕ್ಷಗಾನದ ಅಬ್ಬರದ ವೇಷ. ಇಲ್ಲಿ ನಿಂತಿರುವವನು ಹದಿನಾಲ್ಕು ಹದಿನೈದರ ಹುಡುಗ. ತೋಳುಗಳು ತೀರಾ ಸಣ್ಣ, ಕಡ್ಡಿಯಷ್ಟು. ಎದುರಿನ ಜೋಡಿ ಕೈ ಮುಗಿದಿದೆ. ನಡುವಿನ ಮುಖದಲ್ಲಿ ಹುಬ್ಬು ಸ್ವಲ್ಪ ಗಂಟಿಕ್ಕಿದೆ, ಆದರೆ ಸಿಟ್ಟಲ್ಲ. ಏನೋ ತಪ್ಪು ನೆನಪಾಗಿ ಕಣ್ಣು ತುಂಬಿಕೊಂಡ ಹಾಗೆ. ಎಡಗಡೆಯ ಮುಖ ಕೆಳತುಟಿ ಕಚ್ಚಿದೆ. ಪಕ್ಕಕ್ಕೆ ಬಂದು ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ. ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಾ, ಮತ್ತೆ ವಾಪಸ್ ಬಂದು ನೋಡುತ್ತಿದ್ದರು. 2009ರಲ್ಲಿ ಇವನನ್ನು ಟೋಕಿಯೋಗೆ ಕರೆದೊಯ್ದಾಗ ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ ಸಾಲು ನಿಂತಿದ್ದರಂತೆ.

ಅವನ ಜೊತೆಯವರೂ ನಮಗೆ ಗುರುತಿನವರೇ. ಹಕ್ಕಿಯ ಕೊಕ್ಕಿನ ಗರುಡ, ಹಣೆಯ ಮೇಲೆ ಕೊಂಬಿರುವ ಕಿನ್ನರ, ಸಿಂಹದ ತಲೆಯ ಟೋಪಿ ತೊಟ್ಟು ಕಣ್ಣು ಮುಚ್ಚಿ ನಿಂತ ಗಂಧರ್ವ. ಬುದ್ಧನ ಕಾವಲಿಗೆ ನಿಂತ ಎಂಟು ಮಂದಿ. ನಮ್ಮಲ್ಲಿ ಕಥೆಗಳಲ್ಲಿ ಮಾತ್ರ ಬಂದುಹೋಗುವ ಗಂಧರ್ವ ಕಿನ್ನರರಿಗೆ ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮುಖ ಇದೆ.

ಉಳಿದುಕೊಂಡಿದ್ದು ನಾರಾಮಾಚಿಯಲ್ಲಿ. ಹಳೇ ವ್ಯಾಪಾರಿಗಳ ಕೇರಿ. ಕಿರಿದಾದ ಮುಂಬಾಗಿಲು, ಮರದ ಸರಳಿನ ಕಿಟಕಿ, ಒಳಗೆ ಉದ್ದಕ್ಕೆ ಹೋಗುವ ಮನೆಗಳು. ಸೂರಿನಿಂದ ಕೆಂಪು ಬಟ್ಟೆಯ ಪುಟ್ಟ ಕೋತಿಗಳನ್ನು ಸಾಲಾಗಿ ತೂಗುಬಿಟ್ಟಿರುತ್ತಾರೆ. ಮನೆಗೆ ಬರುವ ಕಷ್ಟವನ್ನು ಮನೆಯವರ ಬದಲಿಗೆ ಅವು ತಗೊಳ್ಳುತ್ತವೆ ಅಂತ ನಂಬಿಕೆ.

ಊಟದ ವಿಷಯ ಒಂದು ಮಾತು. ಸಸ್ಯಾಹಾರಿಗಳು ಕಣ್ಣು ಮುಚ್ಚಿ ತಿನ್ನುವ ಹಾಗಿಲ್ಲ. ತರಕಾರಿ ಪಲ್ಯಕ್ಕೂ ಸಾರಿಗೂ ಮೀನಿನ ರಸ ಹಾಕಿರುತ್ತಾರೆ. ನಮ್ಮನ್ನು ಕಾಪಾಡಿದ್ದು ಚಾಗಾಯು. ಹುರಿದ ಚಹಾ ಎಲೆಯ ನೀರಿನಲ್ಲಿ ಬೇಯಿಸಿದ ಅನ್ನದ ಗಂಜಿ, ನಾರಾದವರ ಹಳೇ ಬೆಳಗಿನ ತಿಂಡಿ. ಜೊತೆಗೆ ನಾರಾಜುಕೆ ಎಂಬ ಕಂದು ಬಣ್ಣದ ಉಪ್ಪಿನಕಾಯಿ. ಅದನ್ನು ಹುದುಗಿಸುವುದು ಅಕ್ಕಿ ಮದ್ಯದ ಗಷ್ಟಿನಲ್ಲಿ. ವಾಸನೆಗೇ ಯಜಮಾನರು ತಟ್ಟೆ ದೂರ ಸರಿಸಿದರು.

ಎರಡನೇ ದಿನ: ಕಣ್ಣು ಬರೆದ ಕುಂಚ

ಬೆಳಗ್ಗೆ ಎದ್ದ ತಕ್ಷಣ ಪಕ್ಕದ ಬೀದಿಯ ಗಾಂಗೋಜಿ ದೇವಸ್ಥಾನಕ್ಕೆ ಹೋದೆವು. ಚಿಕ್ಕ ಜಾಗ, ಜನ ಕಡಿಮೆ. ನೋಡಬೇಕಾದದ್ದು ಹಿಂಬದಿಯ ಸೂರು. ಒಂದು ಭಾಗದ ಹೆಂಚುಗಳು ಒಂದೇ ಬಣ್ಣದವಲ್ಲ. ಕೆಲವು ಕೆಂಪು, ಕೆಲವು ಬೂದಿ, ಕೆಲವು ಸುಟ್ಟ ಕಪ್ಪು. ಅವುಗಳಲ್ಲಿ ಕೆಲವು ಆಸುಕಾದಲ್ಲಿದ್ದ ಜಪಾನಿನ ಮೊದಲ ದೊಡ್ಡ ಬೌದ್ಧ ದೇವಸ್ಥಾನದವು. 718ರಲ್ಲಿ ಆ ದೇವಸ್ಥಾನ ಇಲ್ಲಿಗೆ ಬಂದಾಗ ಹೆಂಚನ್ನೂ ಹೊತ್ತು ತಂದರು. ಆ ಹೆಂಚು ಮಾಡುವುದನ್ನು ಕಲಿಸಿದವರು ಕೊರಿಯಾದ ಬೆಕ್ಜೆ ರಾಜ್ಯದಿಂದ ಬಂದ ಕುಶಲಕರ್ಮಿಗಳು. ಸಾವಿರದ ನಾನೂರು ವರ್ಷದ ಹೆಂಚು, ಇನ್ನೂ ಮಳೆ ತಡೆಯುತ್ತಿದೆ.

ಅಷ್ಟರಲ್ಲಿ ಅಕ್ಕನ ಮಗ ಒಸಾಕಾದಿಂದ ಬಂದ. ಮೂವರೂ ದೊಡ್ಡ ಬುದ್ಧನಿರುವ ತೋದೈಜಿ ದೇವಸ್ಥಾನದ ಕಡೆ ಹೊರಟೆವು. ದಾರಿಯುದ್ದಕ್ಕೂ ಜಿಂಕೆಗಳು. 1300ಕ್ಕೂ ಜಾಸ್ತಿ ಇವೆ. ಯಾರೂ ಸಾಕಿದ್ದಲ್ಲ, ಕಾಡಿನ ಜಿಂಕೆಗಳೇ. ಕಸುಗಾ ಗುಡಿಯ ದೇವರು ಬಿಳಿ ಜಿಂಕೆಯ ಮೇಲೆ ಬಂದ ಅಂತ ನಂಬಿಕೆ, ಹಾಗಾಗಿ ಶತಮಾನಗಳಿಂದ ಯಾರೂ ಮುಟ್ಟುವುದಿಲ್ಲ. ಅಕ್ಕಿ ತೌಡಿನ ಬಿಸ್ಕತ್ತು ಹಿಡಿದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆ. ಕೊಡೋದು ತಡವಾದರೆ ಹಿಂದಿನಿಂದ ಕಚ್ಚುತ್ತವೆ. ಬಿಸ್ಕತ್ತಿಗೆ ಸುತ್ತಿದ ಪಟ್ಟಿಯನ್ನೂ ಜಿಂಕೆ ನುಂಗಿದರೆ ತೊಂದರೆಯಾಗದ ಕಾಗದದಲ್ಲೇ ಮಾಡಿರುತ್ತಾರೆ. ಆದರೆ ಬಸ್ಸಿನ ನಕ್ಷೆಗೆ ಆ ಕಾಗದ ಹಾಕಿರುವುದಿಲ್ಲ. ಯಜಮಾನರ ಜೇಬಿನಿಂದ ಅರ್ಧ ನಕ್ಷೆ ಹೋಯಿತು.

ತೋದೈಜಿಯ ದಕ್ಷಿಣ ಮಹಾದ್ವಾರದ ಎರಡೂ ಬದಿ ಎಂಟು ಮೀಟರಿಗೂ ಎತ್ತರದ ಮರದ ದ್ವಾರಪಾಲಕರು. ಒಬ್ಬ ಬಾಯಿ ತೆರೆದಿದ್ದಾನೆ, ಒಬ್ಬ ಮುಚ್ಚಿದ್ದಾನೆ. 1203ರಲ್ಲಿ ಉನ್‌ಕೇ, ಕೈಕೇ ಎಂಬ ಶಿಲ್ಪಿಗಳು ತಮ್ಮ ತಂಡ ಕಟ್ಟಿಕೊಂಡು ಸುಮಾರು ಎಪ್ಪತ್ತು ದಿನದಲ್ಲಿ ಮುಗಿಸಿದ್ದು. ಎಲ್ಲರೂ ಜಿಂಕೆಯ ಫೋಟೋ ತೆಗೆಯುತ್ತಾ ಇವರ ಕಾಲ ಕೆಳಗೇ ಹಾದು ಹೋಗುತ್ತಾರೆ. ನಿಂತು ತಲೆ ಎತ್ತಿ, ಆ ಹೊಟ್ಟೆಯ ಸ್ನಾಯು, ಗಾಳಿಗೆ ಹಾರಿದ ಬಟ್ಟೆ ನೋಡಿ.

ಇನ್ನು ದೊಡ್ಡ ಬುದ್ಧ. 735ರಿಂದ 737ರವರೆಗೆ ಸಿಡುಬು ಬಂದು ಜಪಾನಿನಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಬರ, ದಂಗೆ ಬೇರೆ. ನಾಡಿಗೆ ಒಳ್ಳೇದಾಗಲಿ ಎಂದು 743ರಲ್ಲಿ ಚಕ್ರವರ್ತಿ ಶೋಮು ವೈರೋಚನ ಬುದ್ಧನ ಮೂರ್ತಿ ಮಾಡಿಸಲು ಆಜ್ಞೆ ಹೊರಡಿಸಿದ. ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದುಕೊಡುವವನನ್ನೂ ಸೇರಿಸಿಕೊಳ್ಳಿ ಎಂದು ಆ ಆಜ್ಞೆಯಲ್ಲಿತ್ತು. ಸುಮಾರು ಹದಿನೈದು ಮೀಟರ್ ಎತ್ತರದ ಕಂಚಿನ ಮೂರ್ತಿ, ಕೆಳಗಿನಿಂದ ಮೇಲಕ್ಕೆ ಹಂತ ಹಂತವಾಗಿ ಎರಕ ಹೊಯ್ದದ್ದು.

752ರಲ್ಲಿ ಕಣ್ಣು ಬರೆಯುವ ದಿನ. ಶೋಮು ಅಷ್ಟು ಹೊತ್ತಿಗೆ ಪಟ್ಟ ಬಿಟ್ಟಿದ್ದ. ಕುಂಚ ಹಿಡಿದದ್ದು ಬೋಧಿಸೇನ. ಆ ಕುಂಚಕ್ಕೆ ಉದ್ದನೆಯ ನೀಲಿ ರೇಷ್ಮೆ ಹುರಿ ಕಟ್ಟಿದ್ದರು. ಕೆಳಗೆ ನಿಂತವರು ಆ ಹುರಿ ಹಿಡಿದುಕೊಂಡಿದ್ದರು, ಅವನ ಕೈಯ ಜೊತೆ ತಾವೂ ಕಣ್ಣು ಬರೆದ ಪುಣ್ಯ ಬರಲಿ ಅಂತ. ಬೋಧಿಸೇನನ ಜೊತೆ ಬಂದಿದ್ದ ಬುತ್ತೆತ್ಸು ಎಂಬ ಚಂಪಾ ದೇಶದ ಸನ್ಯಾಸಿ ಕಲಿಸಿದ ಕುಣಿತವೂ ಅವತ್ತು ನಡೆಯಿತು. ಚಂಪಾ ಅಂದರೆ ಇವತ್ತಿನ ವಿಯೆಟ್ನಾಂ ಕಡೆ. ಆ ಕುಂಚ, ಆ ಹುರಿ ಎರಡೂ ಇವತ್ತಿಗೂ ಇವೆ. ದೇವಸ್ಥಾನದ ಹಿಂದಿನ ಶೋಸೋಇನ್ ಎಂಬ ಮರದ ಉಗ್ರಾಣದಲ್ಲಿ ಉಳಿದುಕೊಂಡು ಬಂದವು. ಪ್ರತಿ ವರ್ಷ ಶರತ್ಕಾಲದಲ್ಲಿ ಆ ಸಂಗ್ರಹದ ಕೆಲವೇ ವಸ್ತುಗಳನ್ನು ನಾರಾದ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ನಾವು ಹೋದ ವರ್ಷ ಕುಂಚದ ಸರದಿ ಇರಲಿಲ್ಲ.

ಈಗ ಅಲ್ಲಿ ಕುಳಿತಿರುವ ಬುದ್ಧನ ಮುಖ ಬೋಧಿಸೇನ ನೋಡಿದ ಮುಖವೇ? ಅಲ್ಲ. 855ರಲ್ಲಿ ಭೂಕಂಪವಾಗಿ ತಲೆ ಕಳಚಿ ಬಿತ್ತು. 1180ರಲ್ಲಿ ಯುದ್ಧದ ಬೆಂಕಿಗೆ ಮಂದಿರ ಸುಟ್ಟು ಮೂರ್ತಿ ಕರಗಿತು. ಚೋಗೆನ್ ಎಂಬ ಸನ್ಯಾಸಿ ಮತ್ತೆ ದೇಣಿಗೆ ಎತ್ತಿ, ಚೀನಾದಿಂದ ಬಂದಿದ್ದ ಎರಕದವನನ್ನು ಹಿಡಿದು ತಲೆ ಮಾಡಿಸಿದ. 1185ರಲ್ಲಿ ಮತ್ತೆ ಕಣ್ಣು ಬರೆಯುವಾಗ ಉಗ್ರಾಣದಿಂದ ಬೋಧಿಸೇನನ ಕುಂಚವನ್ನೇ ಹೊರಗೆ ತೆಗೆದರು. 1567ರಲ್ಲಿ ಮತ್ತೊಂದು ಯುದ್ಧ, ಮತ್ತೆ ಬೆಂಕಿ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಬುದ್ಧ ಸರಿಯಾದ ಸೂರಿಲ್ಲದೆ ಕುಳಿತಿದ್ದ. ಈಗಿನ ಮಂದಿರ ಮುಗಿದದ್ದು 1709ರಲ್ಲಿ. ಮೊದಲಿನದು ಸುಮಾರು 86 ಮೀಟರ್ ಅಗಲ ಇತ್ತು, ಇದು 57. ಈ 57 ಮೀಟರಿನ ಕೆಳಗೆ ನಿಂತಾಗಲೇ ಕತ್ತು ನೋಯುತ್ತದೆ.

ಮೂಲದ್ದು ಉಳಿದಿರುವುದು ಬುಡದಲ್ಲಿ. ಕಮಲದ ಪೀಠದ ಕೆಲವು ದಳಗಳು ಎಂಟನೇ ಶತಮಾನದವೇ. ಅವುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಬುದ್ಧರನ್ನೂ ಲೋಕಗಳನ್ನೂ ಕೊರೆದಿದ್ದಾರೆ. ನಾನು ಮೇಲೆ ನೋಡಿದ್ದಕ್ಕಿಂತ ಆ ದಳಗಳನ್ನು ನೋಡಿದ್ದೇ ಜಾಸ್ತಿ.

ಹೊರಗೆ ಬಲಗಡೆ, ಕೆಂಪು ಬಟ್ಟೆ ಹೊದೆಸಿದ ಮರದ ಮುದುಕನೊಬ್ಬ ಕುಳಿತಿದ್ದಾನೆ. ಪಿಂಡೋಲ ಭಾರದ್ವಾಜ, ಬುದ್ಧನ ನೇರ ಶಿಷ್ಯ. ಜಪಾನಿನವರು ಬಿಂಜುರು ಎನ್ನುತ್ತಾರೆ. ನಿಮಗೆ ಮೈಯಲ್ಲಿ ಎಲ್ಲಿ ನೋವಿದೆಯೋ ಅವನ ಮೈಯಲ್ಲಿ ಅದೇ ಜಾಗ ಸವರಿ, ಆಮೇಲೆ ನಿಮ್ಮದನ್ನು ಸವರಿಕೊಳ್ಳಬೇಕು. ಅಕ್ಕನ ಮಗ ನಗುತ್ತಾ, "ಚಿಕ್ಕಪ್ಪ, ಮಂಡಿ ನೋವು ಅಂತಿದ್ರಲ್ಲ, ಹೋಗಿ" ಅಂದ. ಇವರು ಆಚೆ ಈಚೆ ನೋಡಿ, ಹೋಗಿ ಎರಡೂ ಮಂಡಿ ಮುಟ್ಟಿ ಬಂದರು.

ಮಧ್ಯಾಹ್ನ ಕಸುಗಾ ತೈಶಾ. ಇದು ಬೌದ್ಧರದ್ದಲ್ಲ, ಶಿಂತೋ ಗುಡಿ, 768ರದ್ದು. ಕಾಡಿನ ದಾರಿಯ ಎರಡೂ ಕಡೆ ಪಾಚಿ ಹಿಡಿದ ಕಲ್ಲಿನ ದೀಪಸ್ತಂಭಗಳು, ಒಳಗೆ ಸೂರಿನಿಂದ ತೂಗುವ ಕಂಚಿನ ದೀಪಗಳು, ಒಟ್ಟು ಮೂರು ಸಾವಿರದಷ್ಟು. ಎಲ್ಲವೂ ಭಕ್ತರ ಹರಕೆಯವು. ಎಲ್ಲವನ್ನೂ ಹಚ್ಚುವುದು ಫೆಬ್ರವರಿಯಲ್ಲಿ ಮತ್ತು ಆಗಸ್ಟಿನಲ್ಲಿ ಮಾತ್ರ. ಹಿಂದಿನ ಬೆಟ್ಟದಲ್ಲಿ 841ರಲ್ಲೇ ಮರ ಕಡಿಯಬಾರದು, ಬೇಟೆಯಾಡಬಾರದು ಎಂದು ಆಜ್ಞೆಯಾಗಿತ್ತು. ಊರಿನ ಅಂಚಿನಲ್ಲೇ ಅಂಥ ಕಾಡು ಇದೆ ಅನ್ನುವುದು ನೋಡದೆ ನಂಬೋಕಾಗಲ್ಲ.

ಸಂಜೆ ಏನ್ಮಾಡ್ತೀರಿ ಅಂತ ಕೇಳಿದ್ದನಲ್ಲ, ಅವನನ್ನೇ ನಿಗತ್ಸುದೋಗೆ ಕರೆದುಕೊಂಡು ಹೋದೆ. ತೋದೈಜಿಯ ಮೇಲಿನ ಗುಡ್ಡದ ಮಂದಿರ. ಟಿಕೆಟ್ ಇಲ್ಲ, ರಾತ್ರಿಯೂ ಹತ್ತಬಹುದು. ಮರದ ಜಗಲಿಯಿಂದ ಇಡೀ ನಾರಾ ಕಾಣುತ್ತದೆ. ಮಾರ್ಚ್ ಮೊದಲ ಎರಡು ವಾರ ಇದೇ ಜಗಲಿಯ ಮೇಲೆ ದೊಡ್ಡ ದೊಡ್ಡ ಪಂಜು ಹೊತ್ತು ಓಡುತ್ತಾರೆ, ಕಿಡಿ ಕೆಳಗಿನ ಜನರ ಮೇಲೆ ಉದುರುತ್ತದೆ. 752ರಿಂದ ಒಂದು ವರ್ಷವೂ ತಪ್ಪಿಲ್ಲವಂತೆ. ಆ ದಿನಗಳಲ್ಲಿ ಸತ್ತವರ ಹೆಸರುಗಳನ್ನು ಓದುವ ಪದ್ಧತಿ ಇದೆ, ಪಟ್ಟಿ ಶೋಮುವಿನಿಂದ ಶುರುವಾಗುತ್ತದೆ. ಹಿಂದೊಮ್ಮೆ ಓದುತ್ತಿದ್ದಾಗ ನೀಲಿ ಬಟ್ಟೆಯ ಹೆಂಗಸೊಬ್ಬಳು ಕಾಣಿಸಿಕೊಂಡು, "ನನ್ನ ಹೆಸರು ಯಾಕೆ ಬಿಟ್ಟಿರಿ?" ಎಂದು ಕೇಳಿದಳಂತೆ. ಯಾರೆಂದು ತಿಳಿಯದೆ ಓದುವವನು "ನೀಲಿ ಬಟ್ಟೆಯ ಹೆಂಗಸು" ಎಂದೇ ಓದಿದ. ಇವತ್ತಿಗೂ ಹಾಗೇ ಓದುತ್ತಾರೆ. ಅಕ್ಕನ ಮಗ ಕೊನೇ ರೈಲಿನವರೆಗೂ ಜಗಲಿ ಬಿಟ್ಟು ಏಳಲಿಲ್ಲ.

ಮೂರನೇ ದಿನ: ಲವಂಗ, ಪುಲಕೇಶಿ, ಒಂದು ಸಮಾಧಿ

ಊರಿನ ಪಶ್ಚಿಮಕ್ಕೆ ಯಾಕುಶಿಜಿ ದೇವಸ್ಥಾನ. ಎರಡು ಗೋಪುರಗಳು ಎದುರುಬದುರು. ಪೂರ್ವದ್ದು 730ರದ್ದು, ಬಣ್ಣವೆಲ್ಲ ಹೋಗಿ ಬರೀ ಮರ. ಪಶ್ಚಿಮದ್ದು 1981ರಲ್ಲಿ ಕಟ್ಟಿದ್ದು, ಕೆಂಪು ಹಸಿರು ಕಣ್ಣಿಗೆ ಹೊಡೆಯುತ್ತದೆ. ಮೂರೇ ಅಂತಸ್ತು, ಆದರೆ ನಡುನಡುವೆ ಸಣ್ಣ ಸೂರುಗಳಿರುವುದರಿಂದ ಆರು ಅನ್ನಿಸುತ್ತದೆ. ಹೊಸದು ನನಗೆ ಹಿಡಿಸಲಿಲ್ಲ ಅಂತ ಮೊದಲು ಅಂದುಕೊಂಡೆ. ಆಮೇಲೆ ಹೊಳೆಯಿತು, 730ರಲ್ಲಿ ಹಳೆಯದೂ ಹೀಗೇ ಇತ್ತು ಅಲ್ವಾ?

ಒಳಗೆ ಕಪ್ಪಗೆ ಹೊಳೆಯುವ ಕಂಚಿನ ವೈದ್ಯಬುದ್ಧ. ಎಲ್ಲರೂ ಮುಖ ನೋಡುತ್ತಾರೆ, ನೀವು ಹಿಂದೆ ಹೋಗಿ ಪೀಠ ನೋಡಿ. ಮೇಲಂಚಿನಲ್ಲಿ ಗ್ರೀಸಿನ ಕಡೆಯ ದ್ರಾಕ್ಷಿ ಬಳ್ಳಿ, ಅದರ ಕೆಳಗೆ ಪರ್ಷಿಯಾದ ಹೂವಿನ ಚೌಕ, ನಡುವೆ ಭಾರತದ ಯಕ್ಷರಂಥ ಗುಂಗುರು ಕೂದಲ ಗುಜ್ಜಾರಿಗಳು, ತಳದಲ್ಲಿ ಚೀನಾದ ನಾಲ್ಕು ದಿಕ್ಕಿನ ಪ್ರಾಣಿಗಳು. ಒಂದೇ ಪೀಠದಲ್ಲಿ ಅಷ್ಟು ದೇಶ.

ಈ ಮಂದಿರ 1976ರಲ್ಲಿ ಮತ್ತೆ ಎದ್ದು ನಿಂತದ್ದು ಹೇಗೆ ಅನ್ನುವುದು ಒಳ್ಳೇ ಕಥೆ. ತಕಾದಾ ಕೋಇನ್ ಎಂಬ ಮಠಾಧಿಪತಿ ದೊಡ್ಡ ಕಂಪನಿಗಳ ಹತ್ತಿರ ಹೋಗಲಿಲ್ಲ. ಜನ ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಕೈಯಾರೆ ನಕಲು ಮಾಡಿ, ಜೊತೆಗೆ ಸಾವಿರ ಯೆನ್ ಕೊಡಲಿ ಎಂದ. ಅಂಥ ಹತ್ತು ಲಕ್ಷ ಪ್ರತಿ ಸೇರಿದವು. ಈಗಲೂ ಯಾರು ಬೇಕಾದರೂ ಕುಳಿತು ಬರೆಯಬಹುದು. ನಾನೂ ಕುಳಿತೆ. ಮೊದಲು ಬಾಯಿಗೆ ಒಂದು ಲವಂಗ ಕೊಡುತ್ತಾರೆ, ಬಾಯಿ ಶುದ್ಧಿಗೆ. ಅದನ್ನು ಜಗಿಯದೆ ದವಡೆಯಲ್ಲಿ ಇಟ್ಟುಕೊಂಡು ಬರೆಯಬೇಕು. ತೆಳು ಕಾಗದದ ಕೆಳಗೆ ಮಾದರಿ ಇರುತ್ತದೆ, ಅದರ ಮೇಲೆ ಕುಂಚ ಎಳೆಯುತ್ತಾ ಹೋಗುವುದು. ಅಕ್ಷರ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ಲವಂಗದ ಖಾರಕ್ಕೆ ನಾಲಿಗೆ ಜೋಮು ಹಿಡಿದು, ಬರೆಯುವಷ್ಟು ಹೊತ್ತು ಮಾತೇ ಹೊರಡಲಿಲ್ಲ. ಯಜಮಾನರು ಇದೇ ದೊಡ್ಡ ಪವಾಡ ಅಂದರು.

ಪಕ್ಕದ ದೊಡ್ಡ ಸಭಾಮಂದಿರದಲ್ಲಿ ಬುದ್ಧನ ಪಾದದ ಗುರುತು ಕೊರೆದ ಕಲ್ಲು ಇದೆ, 753ರದ್ದು. ಚೀನಾದ ರಾಯಭಾರಿಯೊಬ್ಬ ಭಾರತದ ಮೃಗದಾವದಲ್ಲಿ, ಅಂದರೆ ಸಾರನಾಥದಲ್ಲಿ, ಪಾದದ ಗುರುತಿನ ನಕಲು ತೆಗೆದುಕೊಂಡು ಚಾಂಗಾನ್‌ಗೆ ಒಯ್ದ. ಜಪಾನಿನವನೊಬ್ಬ ಅದರ ನಕಲು ತಂದ. ಆ ನಕಲಿನಿಂದ ಈ ಕಲ್ಲು. ಇಷ್ಟನ್ನೂ ಕಲ್ಲಿನ ಪಕ್ಕಕ್ಕೇ ಕೊರೆದಿದ್ದಾರೆ.

ದಾರಿಯ ಆಚೆ ಬದಿ ಹ್ಯುಯೆನ್ ತ್ಸಾಂಗನ ಮಂದಿರ. 1991ರಲ್ಲಿ ಕಟ್ಟಿದ್ದು, ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಅವನ ಅಸ್ಥಿಯ ಒಂದು ಭಾಗ ಅಲ್ಲಿದೆ. ಗೋಡೆಗಳ ಮೇಲೆ ಹಿರಾಯಾಮಾ ಇಕುವೋ ಎಂಬ ಕಲಾವಿದ ಅವನ ಪ್ರಯಾಣವನ್ನು ಬರೆದಿದ್ದಾರೆ. ಚಾಂಗಾನಿನಿಂದ ಹಿಮದ ಬೆಟ್ಟಗಳನ್ನು ದಾಟಿ ನಾಲಂದದವರೆಗೆ. ಇದೇ ಹ್ಯುಯೆನ್ ತ್ಸಾಂಗ್ ನಮ್ಮ ಇಮ್ಮಡಿ ಪುಲಕೇಶಿಯ ನಾಡಿಗೂ ಬಂದು, ಹರ್ಷನಿಗೂ ತಲೆಬಾಗದ ಜನ ಎಂದು ಬರೆದವನು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಹೆಸರು ಇಲ್ಲಿ ಎದುರಾದಾಗ ಬಾದಾಮಿಯವರು ಯಾರಾದರೂ ಜೊತೆಗಿರಬೇಕಿತ್ತು ಅನ್ನಿಸಿತು.

ಹತ್ತು ನಿಮಿಷ ನಡೆದರೆ ತೋಶೋದೈಜಿ. ಗಾಂಜಿನ್ ಎಂಬ ಚೀನೀ ಗುರು ಕಟ್ಟಿದ್ದು. ಜಪಾನಿಗೆ ಹೊರಟು ಐದು ಸಲ ವಿಫಲನಾದ. ಬಿರುಗಾಳಿ, ಹಿಡಿದುಹಾಕಿದ ಅಧಿಕಾರಿಗಳು, ಕೊನೆಗೆ ಕಣ್ಣೂ ಹೋಯಿತು. ಆರನೇ ಸಲ, 753ರ ಕೊನೆಗೆ, ತಲುಪಿದ. ಅವನ ಮೂರ್ತಿಯನ್ನು ಜೂನ್ ತಿಂಗಳಲ್ಲಿ ಕೆಲವೇ ದಿನ ತೋರಿಸುತ್ತಾರೆ, ನಮಗೆ ಸಿಕ್ಕಿದ್ದು ಅದರ ತದ್ರೂಪು. ಮುಖ್ಯ ಮಂದಿರ ಮಾತ್ರ ಎಂಟನೇ ಶತಮಾನದ್ದೇ. ಒಳಗಿನ ಸಹಸ್ರಭುಜ ಅವಲೋಕಿತೇಶ್ವರನಿಗೆ ಈಗ 953 ಕೈ ಉಳಿದಿವೆ. ಬೇರೆ ಕಡೆ ನಲವತ್ತೆರಡು ಕೈ ಮಾಡಿ ಸಾವಿರ ಎಂದುಕೊಳ್ಳುತ್ತಾರೆ, ಇಲ್ಲಿ ನಿಜಕ್ಕೂ ಮಾಡಿದ್ದರು. ನಾರಾದ ದೇವಸ್ಥಾನಗಳಲ್ಲಿ ಒಂದನ್ನೇ ಆರಿಸಿಕೋ ಅಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಕೊನೆಗೆ ತೊಮಿಯೋ ಕಡೆಯ ಗುಡ್ಡದಲ್ಲಿರುವ ರ್ಯೋಸೆನ್‌ಜಿ. ಗುಲಾಬಿ ತೋಟಕ್ಕೆ ಹೆಸರಾದದ್ದು, ವಿದೇಶಿಯರು ಬರುವುದು ಕಡಿಮೆ. ಈ ಗುಡ್ಡ ನೋಡಿ ಬೋಧಿಸೇನನಿಗೆ ರಾಜಗೃಹದ ಗೃಧ್ರಕೂಟ ಬೆಟ್ಟ ನೆನಪಾಯಿತು ಎಂದು ದೇವಸ್ಥಾನದ ಕಥೆ. ಅವನ ಸಮಾಧಿ ಎಂದು ತೋರಿಸುವ ಜಾಗ ಇಲ್ಲಿದೆ. ನಾವು ಹೋದಾಗ ಯಾರೂ ಇರಲಿಲ್ಲ. ಯಜಮಾನರು ಭಾರದ್ವಾಜ ಗೋತ್ರದವರು. ಚಪ್ಪಲಿ ಬಿಟ್ಟು, ಪ್ರವರ ಹೇಳಿ ನಮಸ್ಕಾರ ಮಾಡಿದರು. ದಿನವೂ ದೇವರ ಮುಂದೆ ಕೈ ಮುಗಿಯದ ಮನುಷ್ಯ! ನಾನು ಏನೂ ಕೇಳಲಿಲ್ಲ.

ನಾಲ್ಕನೇ ದಿನ: ಹೋರ್ಯೂಜಿ

ಹೋರ್ಯೂಜಿ ದೇವಸ್ಥಾನ ಇರುವುದು ನಾರಾ ನಗರದಲ್ಲಲ್ಲ, ಪಕ್ಕದ ಇಕಾರುಗಾದಲ್ಲಿ. ಜೆ.ಆರ್. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಆಮೇಲೆ ಬಸ್ಸು, ಇಲ್ಲಾ ಇಪ್ಪತ್ತು ನಿಮಿಷ ನಡಿಗೆ. ಹಾದಿಯ ಮನೆಗಳಲ್ಲೆಲ್ಲ ಪರ್ಸಿಮನ್ ಹಣ್ಣು ಜೋತುಬಿದ್ದಿತ್ತು. ರಾಜಕುಮಾರ ಶೋತೋಕು 607ರಲ್ಲಿ ಕಟ್ಟಿಸಿದ್ದು 670ರಲ್ಲಿ ಸುಟ್ಟುಹೋಯಿತು. ಆಮೇಲೆ ಕಟ್ಟಿದ ಕೊಂಡೋ ಎಂಬ ಮುಖ್ಯ ಮಂದಿರ ಮತ್ತು ಐದಂತಸ್ತಿನ ಗೋಪುರ ಇವತ್ತು ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೇ ಮರದ ಕಟ್ಟಡಗಳು.

ಕೊಂಡೋದ ಗೋಡೆಗಳಲ್ಲಿ ಅಜಂತಾವನ್ನು ನೆನಪಿಸುವ ಚಿತ್ರಗಳಿದ್ದವು. 1949ರ ಜನವರಿ 26ರಂದು, ಕಲಾವಿದರು ಅವುಗಳ ನಕಲು ಮಾಡುತ್ತಿದ್ದ ಕಾಲದಲ್ಲೇ, ಬೆಂಕಿ ಬಿದ್ದು ಹಾಳಾದವು. ಮುಂದಿನ ವರ್ಷವೇ ಜಪಾನ್ ಪರಂಪರೆಯ ರಕ್ಷಣೆಗೆ ಕಾನೂನು ತಂದಿತು. ಈಗಲೂ ಪ್ರತಿ ಜನವರಿ 26ರಂದು ದೇಶದಾದ್ಯಂತ ದೇವಸ್ಥಾನಗಳಲ್ಲಿ ಬೆಂಕಿ ಆರಿಸುವ ತಾಲೀಮು ನಡೆಯುತ್ತದೆ. ಈಗ ಗೋಡೆಯಲ್ಲಿರುವುದು ಆಮೇಲೆ ಬರೆದ ಪ್ರತಿಗಳು.

ಗೋಪುರದ ಬುಡದಲ್ಲಿ ನಾಲ್ಕೂ ಕಡೆ ಜಾಲರಿಯೊಳಗೆ 711ರ ಮಣ್ಣಿನ ಬೊಂಬೆಗಳಿವೆ. ಉತ್ತರದ ಕಡೆ ಬುದ್ಧನ ನಿರ್ವಾಣ. ಶಿಷ್ಯರು ಬಾಯಿ ತೆರೆದು, ಎದೆ ಬಡಿದುಕೊಂಡು ಗೋಳೋ ಎಂದು ಅಳುತ್ತಿದ್ದಾರೆ. ಒಬ್ಬನಂತೂ ತಲೆ ಹಿಂದಕ್ಕೆ ಎಸೆದುಬಿಟ್ಟಿದ್ದಾನೆ, ಪಕ್ಕೆಲುಬು ಎಣಿಸಬಹುದು. ಒಳಗೆ ಕತ್ತಲು, ಜಾಲರಿಗೆ ಕಣ್ಣು ಅಂಟಿಸಿ ನಿಲ್ಲಬೇಕು. ಶಾಲಾ ಮಕ್ಕಳ ಗುಂಪೊಂದು ಹಿಂದೆ ಕಾಯುತ್ತಿದ್ದರಿಂದ ಬೇಗ ಸರಿದೆವು, ಅವರು ಹೋದ ಮೇಲೆ ಮತ್ತೆ ಬಂದೆವು.

ಗೋಪುರದ ನಡುಕಂಬದ ಮರ 594ರಲ್ಲಿ ಕಡಿದದ್ದು ಎಂದು ಅದರ ಒಳಗಿನ ಉಂಗುರಗಳನ್ನು ಎಣಿಸಿ ಕಂಡುಹಿಡಿದಿದ್ದಾರೆ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆಯಲ್ಲ, ಅದು 578ರದ್ದು. ನಮ್ಮವರು ಅಲ್ಲಿ ಬಂಡೆ ಕೊರೆದು ಹದಿನಾರು ವರ್ಷಕ್ಕೆ ಇಲ್ಲಿ ಈ ಮರ ಬಿದ್ದಿದೆ. ಬಾಗಿಲು ಹಾಕುವ ಹೊತ್ತಾಗಿತ್ತು, ಕಾವಲುಗಾರ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಾ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ. ಸ್ಟೇಷನ್ನಿನ ಬಸ್ಸು ಸಿಕ್ಕಿತು. ಹತ್ತುವ ಮುಂಚೆ ಅಕ್ಕನ ಮಗನ ಮೆಸೇಜು ಬಂತು: "ಚಿಕ್ಕಮ್ಮ, ಮಾರ್ಚ್‌ನಲ್ಲಿ ನಾರಾದಲ್ಲಿ ಎರಡು ದಿನಕ್ಕೆ ರೂಮು ನೋಡ್ತಾ ಇದೀನಿ. ಎಲ್ಲಾ ಈಗ್ಲೇ ಭರ್ತಿ!"